ಗೊಂಬೆಯ ಬಾಯಲ್ಲಿ ಯಾರ ಮಾತು? ಸಭೆಯ ಮಕ್ಕಳ ಸೇವೆಯಲ್ಲಿ ಗೊಂಬೆಯಾಟ: ಒಂದು ದೈವಶಾಸ್ತ್ರೀಯ ವಿಮರ್ಶೆ

ಪೀಠಿಕೆ

ಏಪ್ರಿಲ್–ಮೇ ತಿಂಗಳ ರಜಾಕಾಲದ ಸತ್ಯವೇದ ಶಾಲೆಗಳಲ್ಲಿ, ಮಕ್ಕಳ ಭಾನುವಾರದ ಆರಾಧನೆಯಲ್ಲಿ, ಕ್ರಿಸ್ಮಸ್ ಕಾರ್ಯಕ್ರಮಗಳಲ್ಲಿ ಗೊಂಬೆಯಾಟವು ನಮ್ಮ ಅನೇಕ ಸಭೆಗಳಿಗೆ ಈಗ ಪರಿಚಿತವಾದ ಸೇವೆ. ಪಿ.ವಿ.ಸಿ. ಕೊಳವೆಗಳ ಚೌಕಟ್ಟಿಗೆ ಕಪ್ಪುಬಟ್ಟೆ ಹೊದಿಸಿದ ಚಿಕ್ಕ ರಂಗ, ಅದರ ಹಿಂದೆ ಮಂಡಿಯೂರಿ ಕೈಯೆತ್ತಿ ಹಿಡಿದ ಯುವಜನರು, ಮೇಲೆ ಬಾಯಿ ತೆರೆದು ಮುಚ್ಚುವ ಬಟ್ಟೆಯ ಗೊಂಬೆ, ಬದಿಯಲ್ಲಿ ನಿಂತು ಅದರೊಡನೆ ಸಂಭಾಷಿಸುವ ಒಬ್ಬ ಶಿಕ್ಷಕಿ: ಇದು ಅದರ ಸಾಮಾನ್ಯ ರೂಪ. ಇದನ್ನು ನಡೆಸುವವರು ಬಹುಮಟ್ಟಿಗೆ ಪ್ರತಿಫಲ ಬಯಸದೆ ದುಡಿಯುವ ತರುಣ ತರುಣಿಯರು. ಅವರ ಶ್ರಮವನ್ನು ಈ ಲೇಖನ ಗೌರವದಿಂದಲೇ ಕಾಣುತ್ತದೆ.

ಆದರೆ ಅವರಿಗೆ ಸಭೆಯು ಹಾಕುವ ಪ್ರಶ್ನೆಗಳು ಎರಡೇ ಎರಡು: ಮಕ್ಕಳು ಬಂದರೇ, ಮಕ್ಕಳು ನಕ್ಕರೇ? ಪ್ರಸಂಗಪೀಠದಿಂದ ಬರುವ ಮಾತನ್ನು ತೂಗಿನೋಡುವ ನಾವು ಗೊಂಬೆಯ ಬಾಯಿಂದ ಬರುವ ಮಾತನ್ನು ತೂಗುವುದಿಲ್ಲ. ಆರೇಳು ವರ್ಷದ ಮಗುವಿಗೆ ಪಾಪ, ಕ್ಷಮೆ, ಮರಣ, ದೇವರು ಎಂಬ ಪದಗಳ ಅರ್ಥ ಪ್ರಸಂಗಪೀಠಕ್ಕಿಂತ ಇಂಥ ರಂಗಗಳಿಂದಲೇ ಮೊದಲು ದೊರೆಯುವ ಸಂಭವವಿರುವಾಗ ಈ ಉದಾಸೀನ ಸಲ್ಲದು.

ಈ ಲೇಖನದ ವಾದ ಇಷ್ಟು. ಗೊಂಬೆಯು ಕ್ರೈಸ್ತ ಪರಂಪರೆಗೆ ಹೊರಗಿನದೂ ಅಲ್ಲ, ಕೇವಲ ನಿರುಪದ್ರವಿ ಆಟಿಕೆಯೂ ಅಲ್ಲ. ಸತ್ಯವೇದದಲ್ಲಿ ಮೂಕವಾದವುಗಳಿಗೆ ಮಾತು ಬಂದಾಗ ಆ ಮಾತು ಅಧಿಕಾರವುಳ್ಳವರನ್ನು ಪ್ರಶ್ನಿಸಿದೆ. ನಮ್ಮ ರಂಗಗಳಲ್ಲಿಯಾದರೋ ಗೊಂಬೆಯು ತನ್ನನ್ನು ಹಿಡಿದವರ ಪರವಾಗಿಯೇ ಮಾತಾಡುತ್ತದೆ. ಈ ವಿಪರ್ಯಾಸವನ್ನು ಅರಿತು ತಿದ್ದಿಕೊಂಡರೆ ಗೊಂಬೆಯಾಟವು ಸುವಾರ್ತೆಗೆ ಯೋಗ್ಯವಾದ ಮಾಧ್ಯಮವಾಗಬಲ್ಲದು. ಇಲ್ಲವಾದರೆ ಅದು ಹಿರಿಯರು ಮಕ್ಕಳ ಬಾಯಿಂದ ತಮ್ಮ ಮಾತನ್ನೇ ಆಡಿಸುವ ಉಪಾಯವಾಗಿ ಉಳಿಯುತ್ತದೆ.

ಈ ರೂಪ ಬಂದ ದಾರಿ

ನಮ್ಮ ಸಭೆಗಳಲ್ಲಿ ಕಾಣುವ ಬಾಯಿಗೊಂಬೆಯು ಕನ್ನಡ ನಾಡಿನ ತೊಗಲುಗೊಂಬೆಯಿಂದಲೋ ಸೂತ್ರದ ಗೊಂಬೆಯಿಂದಲೋ ಹುಟ್ಟಿದ್ದಲ್ಲ. ಅದರ ಮೂಲ ಅಮೆರಿಕದ ದೂರದರ್ಶನದಲ್ಲಿದೆ. 1960ರ ದಶಕದಲ್ಲಿ ಮಾರ್ಸಿ ಟಿಗ್ನರ್ ಎಂಬ ಗಾಯಕಿ ‘ಲಿಟಲ್ ಮಾರ್ಸಿ’ ಎಂಬ ಗೊಂಬೆಗೆ ಮಗುವಿನ ಧ್ವನಿ ಕೊಟ್ಟು ಕ್ರೈಸ್ತ ಗೀತೆಗಳ ಅನೇಕ ಧ್ವನಿಮುದ್ರಿಕೆಗಳನ್ನು ಹೊರತಂದರು. ಅದೇ ದಶಕದಲ್ಲಿ ಜಿಮ್ ಬೇಕರ್ ಮತ್ತು ಟ್ಯಾಮಿ ಫೇ ದಂಪತಿಗಳು ಪ್ಯಾಟ್ ರಾಬರ್ಟ್‌ಸನ್ನರ ಕ್ರೈಸ್ತ ದೂರದರ್ಶನ ಜಾಲದಲ್ಲಿ ಮಕ್ಕಳಿಗಾಗಿ ಗೊಂಬೆಗಳ ಕಾರ್ಯಕ್ರಮ ನಡೆಸಿ ಪ್ರಸಿದ್ಧರಾದರು. 1969ರ ನವೆಂಬರಿನಲ್ಲಿ ‘ಸೆಸಮಿ ಸ್ಟ್ರೀಟ್’ ಆರಂಭವಾದ ಮೇಲೆ ಜಿಮ್ ಹೆನ್ಸನ್ ರೂಪಿಸಿದ ಮೃದುವಾದ, ಅಗಲಬಾಯಿಯ ಗೊಂಬೆಗಳೇ ಎಲ್ಲೆಡೆ ಮಾದರಿಯಾದವು. 1970ರ ದಶಕದಲ್ಲಿ ಅಮೆರಿಕದ ಸಭೆಗಳಲ್ಲಿ ಗೊಂಬೆಯಾಟದ ತಂಡಗಳು ಹೆಚ್ಚಿದವು. ಗೊಂಬೆ, ಸಂಭಾಷಣೆಯ ಪಠ್ಯ, ಮುದ್ರಿತ ಹಾಡುಗಳನ್ನು ಒಟ್ಟಾಗಿ ಒದಗಿಸುವ ಸಂಸ್ಥೆಗಳೂ ಹುಟ್ಟಿಕೊಂಡವು.

ಸಭೆಗಳು ಹೀಗೆ ದೂರದರ್ಶನದಿಂದ ಗೊಂಬೆಯ ದೇಹವನ್ನು ಎರವಲು ಪಡೆದವು. ಅದರ ಶ್ರೇಷ್ಠ ಗುಣವನ್ನು ಮಾತ್ರ ಬಹಳ ಕಡೆ ಬಿಟ್ಟುಬಂದವು. ಆ ಗುಣ ಯಾವುದೆಂಬುದನ್ನು ಎರಡು ಉದಾಹರಣೆಗಳು ತೋರಿಸುತ್ತವೆ.

ಮೊದಲನೆಯದು ಫ್ರೆಡ್ ರೋಜರ್ಸ್ ಅವರದು. ಅವರು ಪಿಟ್ಸ್‌ಬರ್ಗಿನಲ್ಲಿ ದೈವಶಾಸ್ತ್ರ ಓದಿ, 1963ರಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಬೋಧಕರಾಗಿ ಅಭಿಷಿಕ್ತರಾದವರು. ಮಾಧ್ಯಮದ ಮೂಲಕ ಮಕ್ಕಳ ಸೇವೆ ಮಾಡುವುದೇ ಅವರಿಗೆ ವಹಿಸಲಾದ ಹೊಣೆಯಾಗಿತ್ತು. 1968ರ ಜೂನ್ ತಿಂಗಳಲ್ಲಿ ರಾಬರ್ಟ್ ಕೆನಡಿಯವರ ಹತ್ಯೆಯಾದಾಗ ಅವರು ಒಂದು ವಿಶೇಷ ಕಾರ್ಯಕ್ರಮ ಪ್ರಸಾರ ಮಾಡಿದರು. ಅದರಲ್ಲಿ ಅವರೇ ಧ್ವನಿ ಕೊಡುತ್ತಿದ್ದ ಡೇನಿಯಲ್ ಎಂಬ ಅಂಜುಬುರುಕ ಹುಲಿಮರಿ ಗೊಂಬೆಯು, ಎಲ್ಲರ ಬಾಯಲ್ಲಿ ಕೇಳಿಬರುತ್ತಿದ್ದ ‘ಹತ್ಯೆ’ ಎಂಬ ಪದದ ಅರ್ಥವೇನೆಂದು ಹಿರಿಯಳೊಬ್ಬಳನ್ನು ಕೇಳಿತು. ಉತ್ತರ ಸರಳವಾಗಿತ್ತು, ಸತ್ಯವಾಗಿತ್ತು. ಗೊಂಬೆಯ ದುಃಖ ಆ ಉತ್ತರದಿಂದ ಮಾಯವಾಗಲಿಲ್ಲ. ಮಾಯವಾಗಬೇಕೆಂದು ಯಾರೂ ಒತ್ತಾಯಿಸಲೂ ಇಲ್ಲ.

ಎರಡನೆಯದು ‘ಸೆಸಮಿ ಸ್ಟ್ರೀಟ್’ನ 1983ರ ನವೆಂಬರ್ ತಿಂಗಳ ಒಂದು ಕಂತು. ಅಂಗಡಿಯ ಹೂಪರ್ ಅವರ ಪಾತ್ರ ವಹಿಸುತ್ತಿದ್ದ ನಟ ವಿಲ್ ಲೀ ತೀರಿಕೊಂಡಿದ್ದರು. ನಿರ್ಮಾಪಕರು ಆ ಪಾತ್ರಕ್ಕೆ ಬೇರೊಬ್ಬ ನಟನನ್ನು ತರಲಿಲ್ಲ. ಪಾತ್ರವೂ ಸತ್ತಿತೆಂದು ಮಕ್ಕಳಿಗೆ ತಿಳಿಸಿದರು. ‘ಬಿಗ್ ಬರ್ಡ್’ ಎಂಬ ದೊಡ್ಡ ಹಕ್ಕಿಯು ಅದೇಕೆ ಹೀಗಾಗಬೇಕೆಂದು ಕೇಳಿದಾಗ, ಹಿರಿಯರು ತಮ್ಮ ಬಳಿ ಕಾರಣವಿಲ್ಲವೆಂಬುದನ್ನು ಮರೆಮಾಚಲಿಲ್ಲ. ಸಭೆಗೆ ಸಂಬಂಧವಿಲ್ಲದ ಒಂದು ಕಾರ್ಯಕ್ರಮವು ಯೋಬನ ಪುಸ್ತಕದ ಹತ್ತಿರಕ್ಕೆ ಬಂದು ನಿಂತಿತು.

ಈ ಎರಡೂ ಸಂದರ್ಭಗಳಲ್ಲಿ ಗೊಂಬೆಯು ಬೋಧಕನಲ್ಲ. ಅದು ತಿಳಿಯದವನು, ಕೇಳುವವನು, ಅಳುವವನು. ಮಗುವಿಗೆ ಕೇಳಲು ಧೈರ್ಯವಿಲ್ಲದ ಪ್ರಶ್ನೆಯನ್ನು ಅದು ಮಗುವಿನ ಪರವಾಗಿ ಕೇಳುತ್ತದೆ.

ನಮ್ಮ ಪಠ್ಯಗಳ ಒಳರಚನೆ

ಇದಕ್ಕೆ ಹೋಲಿಸಿದರೆ ಸಭೆಗಳಲ್ಲಿ ಬಳಕೆಯಲ್ಲಿರುವ ಸಂಭಾಷಣೆಗಳ ರಚನೆ ಬಹುಮಟ್ಟಿಗೆ ಒಂದೇ ಅಚ್ಚಿನದು. ಗೊಂಬೆ ಬರುತ್ತದೆ, ಒಂದು ಹಾಸ್ಯ ಮಾಡುತ್ತದೆ. ಸುಳ್ಳು ಹೇಳಿದ್ದೋ, ತಮ್ಮನ ಆಟಿಕೆ ಕಸಿದದ್ದೋ, ಅಮ್ಮನ ಮಾತು ಮೀರಿದ್ದೋ ಬಯಲಾಗುತ್ತದೆ. ಶಿಕ್ಷಕಿ ಒಂದು ವಚನ ಹೇಳುತ್ತಾರೆ. ಗೊಂಬೆ ಪಶ್ಚಾತ್ತಾಪಪಡುತ್ತದೆ. ಹಾಡು ಆರಂಭವಾಗುತ್ತದೆ. ಪಾಪದಿಂದ ರಕ್ಷಣೆಯವರೆಗಿನ ಪಯಣ ಐದಾರು ನಿಮಿಷಗಳಲ್ಲಿ ಮುಗಿಯುತ್ತದೆ. ಇದಕ್ಕೆ ಹೊರತಾದ ಒಳ್ಳೆಯ ಪಠ್ಯಗಳಿಲ್ಲವೆಂದಲ್ಲ. ಆದರೆ ಹೊಸ ತಂಡವೊಂದು ಮೊದಲು ಕಲಿಯುವುದು ಈ ಅಚ್ಚನ್ನೇ.

ಇಲ್ಲಿ ಎರಡು ದೋಷಗಳಿವೆ. ಒಂದು, ಕಾಲದ ಕುರಿತದ್ದು. ಪಶ್ಚಾತ್ತಾಪವು ವಚನ ಕೇಳಿದ ಮರುಕ್ಷಣದ ಪ್ರತಿಕ್ರಿಯೆ ಎಂಬ ಭಾವನೆ ಮಗುವಿನಲ್ಲಿ ಬೇರೂರುತ್ತದೆ. ಲೂಕನ ಸುವಾರ್ತೆಯ ಕಿರಿಯ ಮಗನು ಹಂದಿಗಳ ನಡುವೆ ಹಸಿವಿನಲ್ಲಿ ಕಳೆದ ಕಾಲಕ್ಕೆ, ಪೇತ್ರನು ಅಂಗಳದಾಚೆ ಹೋಗಿ ಅತ್ತ ರಾತ್ರಿಗೆ ಈ ರಚನೆಯಲ್ಲಿ ಸ್ಥಳವಿಲ್ಲ. ಮರುದಿನವೂ ಸುಳ್ಳು ಹೇಳಿದ ಮಗುವು ತನ್ನಲ್ಲಿ ಏನೋ ಕೊರತೆಯಿದೆ, ಗೊಂಬೆಗೆ ಆದದ್ದು ತನಗೆ ಆಗಲಿಲ್ಲ ಎಂದುಕೊಳ್ಳಬಹುದು.

ಎರಡನೆಯ ದೋಷ ಹೆಚ್ಚು ಗಂಭೀರವಾದದ್ದು. ಈ ಪಠ್ಯಗಳಲ್ಲಿ ಪಾಪವೆಂದರೆ ಮಕ್ಕಳು ಹಿರಿಯರಿಗೆ ಮಾಡುವುದು. ಹಿರಿಯರು ಮಕ್ಕಳಿಗೆ ಮಾಡುವ ಪಾಪ ರಂಗಕ್ಕೆ ಬರುವುದೇ ಇಲ್ಲ. ಕುಡಿದು ಬರುವ ತಂದೆ, ಬೆತ್ತದಿಂದ ಹೊಡೆಯುವ ಉಪಾಧ್ಯಾಯರು, ಜಾತಿಯ ಕಾರಣಕ್ಕೆ ಬೇರೆ ಕೂರಿಸಲ್ಪಟ್ಟ ಸಹಪಾಠಿ, ಹೆಣ್ಣೆಂದು ಶಾಲೆ ಬಿಡಿಸಲ್ಪಟ್ಟ ಅಕ್ಕ: ಇವರೆಲ್ಲ ಮುಂದೆ ಕುಳಿತ ಮಕ್ಕಳ ಬದುಕಿನಲ್ಲಿದ್ದಾರೆ, ಗೊಂಬೆಯ ಬದುಕಿನಲ್ಲಿಲ್ಲ. ಮಕ್ಕಳ ಪಾಪವನ್ನಷ್ಟೇ ಹೆಸರಿಸಿ ಮಕ್ಕಳ ಗಾಯವನ್ನು ಹೆಸರಿಸದ ಬೋಧನೆಯು ಅರ್ಧ ಸುವಾರ್ತೆ. ಚಿಕ್ಕವರಲ್ಲಿ ಒಬ್ಬನನ್ನು ಎಡವಿಸುವವನ ಕುರಿತು ಯೇಸು ಆಡಿದ ಕಠಿಣವಾದ ಮಾತು (ಮತ್ತಾಯ 18:6) ಹಿರಿಯರನ್ನು ಉದ್ದೇಶಿಸಿದ್ದು ಎಂಬುದನ್ನು ನಾವು ಮರೆಯಬಾರದು.

ಸತ್ಯವೇದದಲ್ಲಿ ಮೂಕವಾದವುಗಳ ಮಾತು

ಸತ್ಯವೇದವು ಮಾತಿಲ್ಲದ ವಸ್ತುಗಳಿಗೆ ಮಾತು ಕೊಡುವ ಕಲೆಯನ್ನು ಬಲ್ಲದು. ಮೂರು ಪ್ರಸಂಗಗಳನ್ನು ಗಮನಿಸೋಣ.

ಅರಣ್ಯಕಾಂಡದ 22ನೇ ಅಧ್ಯಾಯದಲ್ಲಿ ಬಿಳಾಮನ ಕತ್ತೆ ಮಾತಾಡುತ್ತದೆ. ದರ್ಶನ ಕಾಣುವವನೆಂದು ಹೆಸರಾದ ಬಿಳಾಮನಿಗೆ ದಾರಿಯಲ್ಲಿ ನಿಂತ ದೇವದೂತನು ಕಾಣುವುದಿಲ್ಲ, ಕತ್ತೆಗೆ ಕಾಣುತ್ತಾನೆ. ಮೂರು ಸಲ ಪೆಟ್ಟು ತಿಂದ ಬಳಿಕ ಕರ್ತನು ಅದರ ಬಾಯನ್ನು ತೆರೆಯುತ್ತಾನೆ. ಅದು ಮೊದಲು ಕೇಳುವುದು ತನ್ನನ್ನು ಏಕೆ ಹೊಡೆದೆ ಎಂದು. ಸವಾರಿ ಮಾಡುವವನಿಗೆ, ಕೋಲು ಹಿಡಿದವನಿಗೆ, ಪೆಟ್ಟು ತಿಂದ ಪ್ರಾಣಿ ಹಾಕುವ ಪ್ರಶ್ನೆ ಅದು.

ನ್ಯಾಯಸ್ಥಾಪಕರು 9ನೇ ಅಧ್ಯಾಯದಲ್ಲಿ ಯೋತಾಮನು ಗೆರಿಜ್ಜೀಮ್ ಬೆಟ್ಟದ ಮೇಲೆ ನಿಂತು ಮರಗಳು ಮಾತಾಡುವ ಕಥೆ ಹೇಳುತ್ತಾನೆ. ಎಣ್ಣೆಮರ, ಅಂಜೂರ, ದ್ರಾಕ್ಷಿಗಳು ಅರಸುತನವನ್ನು ನಿರಾಕರಿಸುತ್ತವೆ. ಮುಳ್ಳಿನ ಪೊದೆ ಒಪ್ಪಿಕೊಳ್ಳುತ್ತದೆ. ಸಹೋದರರನ್ನೆಲ್ಲ ಕೊಂದು ಅರಸನಾದ ಅಬೀಮೆಲೆಕನ ಮುಖವಾಡವನ್ನು ಕಳಚುವ ಕಥೆ ಇದು. ಹೇಳಿದವನು ಆ ಕೊಲೆಯಿಂದ ತಪ್ಪಿಸಿಕೊಂಡ, ಮನೆಯ ಕಟ್ಟಕಡೆಯ ಮಗ.

ಯೆಹೆಜ್ಕೇಲ 4ನೇ ಅಧ್ಯಾಯದಲ್ಲಿ ಪ್ರವಾದಿಯು ಇಟ್ಟಿಗೆಯ ಮೇಲೆ ಯೆರೂಸಲೇಮಿನ ಚಿತ್ರ ಬರೆದು, ಅದಕ್ಕೆ ದಿಬ್ಬ ಹಾಕಿ, ಕಬ್ಬಿಣದ ಹಂಚನ್ನು ಗೋಡೆಯಂತೆ ನಿಲ್ಲಿಸಿ ಮುತ್ತಿಗೆಯ ಆಟ ಆಡುತ್ತಾನೆ. ಮೇಲುನೋಟಕ್ಕೆ ಅದು ಮಕ್ಕಳ ಆಟವೇ. ಆದರೆ ತಮ್ಮ ನಗರಕ್ಕೆ ಏನೂ ಆಗದೆಂದು ನಂಬಿದ್ದ ಜನರ ಸುಳ್ಳು ಭದ್ರತೆಯನ್ನು ಆ ಆಟ ಒಡೆಯಿತು.

ಈ ಮೂರರಲ್ಲಿಯೂ ಕತ್ತೆ, ಮರ, ಇಟ್ಟಿಗೆಗಳು ಬಲವುಳ್ಳವರ ಮಾತನ್ನು ಇನ್ನಷ್ಟು ಸವಿಯಾಗಿಸಲು ಬಂದವುಗಳಲ್ಲ. ಅವರು ಕಾಣಲಾರದ್ದನ್ನು ಕಾಣಿಸಲು ಬಂದವು. ಇದಕ್ಕೆ ಎದುರಾಗಿ 115ನೇ ಕೀರ್ತನೆಯು ಬಾಯಿದ್ದೂ ಮಾತಾಡದ ವಿಗ್ರಹಗಳನ್ನು ವರ್ಣಿಸಿ, ಮಾಡಿದವರು ಅವುಗಳಂತೆಯೇ ಆಗುವರೆಂದು ಎಚ್ಚರಿಸುತ್ತದೆ. ಬಾಯಿಗೊಂಬೆಯು ಈ ಎರಡು ಸಾಧ್ಯತೆಗಳ ನಡುವೆ ನಿಂತಿದೆ. ಹಿಡಿದವರ ಮಾತನ್ನಷ್ಟೇ ಹಿಂದಿರುಗಿಸುವ ಗೊಂಬೆಗೆ ಬಾಯಿ ಅಲುಗಿದರೂ ಮಾತಿಲ್ಲ. ಹಿಡಿದವರೇ ನಿರೀಕ್ಷಿಸದ ಸತ್ಯವನ್ನು ಅವರಿಂದ ಹೊರಡಿಸುವ ಗೊಂಬೆಯು ಬಿಳಾಮನ ಕತ್ತೆಯ ಸಂತಾನ.

ಮರೆಯಲ್ಲಿರುವ ಕೈ

ಚರ್ಚಿನೊಳಗೆ ಅಲುಗುವ ಪ್ರತಿಮೆಗಳ ಇತಿಹಾಸವೂ ಈ ವಿಮರ್ಶೆಗೆ ಸಹಾಯಕ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಬಾಕ್ಸ್‌ಲಿ ಮಠದಲ್ಲಿ ಕಣ್ಣು ಮತ್ತು ತುಟಿ ಅಲುಗಿಸುವ ಕ್ರೂಜಾರೋಹಿತ ಕ್ರಿಸ್ತನ ಪ್ರತಿಮೆಯೊಂದಿತ್ತು. ಎಂಟನೆಯ ಹೆನ್ರಿಯ ಕಾಲದಲ್ಲಿ, 1538ರಲ್ಲಿ, ಅಧಿಕಾರಿಗಳು ಅದರೊಳಗಿನ ತಂತಿಗಳನ್ನು ಮೇಡ್‌ಸ್ಟನ್ ಪೇಟೆಯಲ್ಲಿ ಜನರಿಗೆ ತೋರಿಸಿದರು. ಬಳಿಕ ಲಂಡನ್ನಿನಲ್ಲಿ ರಾಚೆಸ್ಟರಿನ ಬಿಷಪ್ಪರು ಅದರ ವಿರುದ್ಧ ಪ್ರಸಂಗ ಮಾಡಿದರು, ಪ್ರತಿಮೆಯನ್ನು ಒಡೆದುಹಾಕಲಾಯಿತು. ಸುಧಾರಣಾವಾದಿಗಳಿಗೆ ಇದು ಮಠಗಳ ವಂಚನೆಗೆ ಸಾಕ್ಷಿಯಾಯಿತು. ಯಾತ್ರಿಕರು ನಿಜಕ್ಕೂ ಮೋಸಹೋಗಿದ್ದರೇ, ಅಥವಾ ಅಲುಗುವ ಪ್ರತಿಮೆಯನ್ನು ಅವರು ಭಕ್ತಿಯ ನಾಟಕವೆಂದೇ ತಿಳಿದಿದ್ದರೇ ಎಂದು ಇತ್ತೀಚಿನ ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಶುಭ ಶುಕ್ರವಾರದ ವಿಧಿಗಳಲ್ಲಿ ಕೈಗಳು ಮಡಚುವ ಕ್ರಿಸ್ತನ ಪ್ರತಿಮೆಗಳನ್ನು ಶಿಲುಬೆಯಿಂದ ಇಳಿಸುವ ಪದ್ಧತಿ ಯೂರೋಪಿನ ಅನೇಕ ಕಡೆ ಇದ್ದುದನ್ನು ನೆನೆದರೆ ಈ ಪ್ರಶ್ನೆ ನ್ಯಾಯವಾದದ್ದೇ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೂಲಕವೂ ಇತರ ಪ್ರಾಟೆಸ್ಟೆಂಟ್ ಮಿಷನ್‌ಗಳ ಮೂಲಕವೂ ಪ್ರತಿಮೆಗಳ ಕುರಿತ ಸುಧಾರಣಾ ಪರಂಪರೆಯ ಸಂಶಯ ನಮಗೂ ಬಳುವಳಿಯಾಗಿ ಬಂದಿದೆ. ಆ ಸಂಶಯದ ತಿರುಳು ಮರವೋ ಬಟ್ಟೆಯೋ ಅಲ್ಲ, ಮರೆಯಲ್ಲಿರುವ ಕೈ. ನೋಡುವವನಿಗೆ ತಂತಿ ಇದೆಯೆಂಬುದು ತಿಳಿದಿದ್ದರೆ ಅದು ಕಲೆ; ತಿಳಿಯದಂತೆ ಮುಚ್ಚಿಟ್ಟು ಅವನ ಮನಸ್ಸನ್ನು ತಿರುಗಿಸಿದರೆ ಅದು ವಂಚನೆ.

ಆದುದರಿಂದ ಮಕ್ಕಳ ಮುಂದೆ ಆಟ ಮುಗಿದ ಮೇಲೆ ಗೊಂಬೆಯಾಡಿಸಿದವರು ಗೊಂಬೆಯನ್ನು ಹಿಡಿದೇ ಪರದೆಯಿಂದ ಹೊರಗೆ ಬಂದು ನಿಲ್ಲುವುದು ಒಳ್ಳೆಯದು. ಮಾಯೆ ಮುರಿದುಬೀಳುತ್ತದೆಂಬ ಭಯ ಬೇಡ. ಕೈ ಕಂಡರೂ ಮಕ್ಕಳು ಗೊಂಬೆಯ ಮುಖ ನೋಡಿಯೇ ಮಾತಾಡುತ್ತಾರೆ. ಆಟವನ್ನು ಆಟವೆಂದು ತಿಳಿದೇ ಅದಕ್ಕೆ ಮನಸ್ಸು ಕೊಡುವ ಸಾಮರ್ಥ್ಯ ಅವರಿಗಿದೆ.

ಇದೇ ಇತಿಹಾಸದ ಇನ್ನೊಂದು ಕವಲು ಉಕ್ರೇನಿನ ‘ವೆರ್ತೆಪ್’. ಅದು ಎರಡು ಅಂತಸ್ತಿನ ಮರದ ಪೆಟ್ಟಿಗೆಯಲ್ಲಿ ಆಡಿಸುವ ಕ್ರಿಸ್ಮಸ್ ಗೊಂಬೆಯಾಟ. ಮೇಲಿನ ಅಂತಸ್ತಿನಲ್ಲಿ ಯೇಸುವಿನ ಜನನ. ಕೆಳಗಿನ ಅಂತಸ್ತಿನಲ್ಲಿ ಹೆರೋದನ ಅರಮನೆ. ಕೂಸುಗಳ ಕೊಲೆಗೆ ರಾಹೇಲಳು ಗೋಳಿಡುತ್ತಾಳೆ. ಕೊನೆಗೆ ಮೃತ್ಯುವು ಹೆರೋದನ ತಲೆ ಕಡಿಯುತ್ತದೆ. ಮತ್ತಾಯ 2ನೇ ಅಧ್ಯಾಯದ ಅಳುವನ್ನು ನಮ್ಮ ಕ್ರಿಸ್ಮಸ್ ಕಾರ್ಯಕ್ರಮಗಳು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ಹಳ್ಳಿಯ ಗೊಂಬೆಯಾಟಗಾರರು ಬಿಡಲಿಲ್ಲ. ಮಕ್ಕಳನ್ನು ಕೊಲ್ಲುವ ಅರಸನು ಯೇಸುವಿನ ಕಥೆಯ ಭಾಗವೇ ಎಂಬುದು ಅವರಿಗೆ ತಿಳಿದಿತ್ತು.

ಕ್ರಿಸ್ತನು ಕೈಗೊಂಬೆಯಲ್ಲ

ಯೇಸುವಿನ ಪಾತ್ರವನ್ನು ಗೊಂಬೆಯಿಂದ ಮಾಡಿಸಬಹುದೇ ಎಂಬ ಪ್ರಶ್ನೆ ತಂಡಗಳಲ್ಲಿ ಆಗಾಗ ಏಳುತ್ತದೆ. ಬೇಡವೆನ್ನುವವರು ಸಾಮಾನ್ಯವಾಗಿ ಕೊಡುವ ಕಾರಣ ಗೌರವ. ಇಲ್ಲವೇ ವಿಮೋಚನಕಾಂಡ 20ನೇ ಅಧ್ಯಾಯದ ಆಜ್ಞೆ. ಇನ್ನೂ ಆಳವಾದ ಕಾರಣವೊಂದಿದೆ. ಅದು ಕ್ರಿಸ್ತಶಾಸ್ತ್ರಕ್ಕೆ ಸೇರಿದ್ದು.

ನಾಲ್ಕನೆಯ ಶತಮಾನದಲ್ಲಿ ಅಪೊಲ್ಲಿನಾರಿಯಸನು ಕ್ರಿಸ್ತನಲ್ಲಿ ಮಾನವ ಮನಸ್ಸಿನ ಸ್ಥಾನವನ್ನು ದೈವಿಕ ವಾಕ್ಯವೇ ತುಂಬಿತ್ತೆಂದು ಬೋಧಿಸಿದನು. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯು ಈ ಬೋಧನೆಯನ್ನು ತಿರಸ್ಕರಿಸಿತು. ಕ್ರಿಸ್ತನು ಧರಿಸದೆ ಬಿಟ್ಟದ್ದು ಗುಣವಾಗದೆ ಉಳಿಯುತ್ತದೆಂಬುದು ನಾಜಿಯಾನ್ಜಸಿನ ಗ್ರೆಗೊರಿಯ ವಾದವಾಗಿತ್ತು. ಮುಂದೆ ಕ್ರಿಸ್ತನಲ್ಲಿ ಒಂದೇ ಚಿತ್ತವಿತ್ತೆಂಬ ಬೋಧನೆ ಎದ್ದಾಗ, ಮ್ಯಾಕ್ಸಿಮಸನು ಗೆತ್ಸೆಮನೆಯ ಪ್ರಾರ್ಥನೆಯನ್ನು ಆಧಾರವಾಗಿಟ್ಟು ಅದನ್ನು ಎದುರಿಸಿದನು. 680–681ರ ಮೂರನೆಯ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯು ಕ್ರಿಸ್ತನಲ್ಲಿ ದೈವಿಕ ಚಿತ್ತದೊಡನೆ ನಿಜವಾದ ಮಾನವ ಚಿತ್ತವೂ ಇತ್ತೆಂದು ಸಾರಿತು.

ಸರಳವಾಗಿ ಹೇಳುವುದಾದರೆ ಸಭೆಯು ತಿರಸ್ಕರಿಸಿದ್ದು ಗೊಂಬೆ-ಕ್ರಿಸ್ತನನ್ನು: ಹೊರಗೆ ಮನುಷ್ಯನ ರೂಪ, ಒಳಗೆ ಆಡಿಸುವ ದೇವರ ಕೈ. ತೋಟದಲ್ಲಿ ಬೆವರಿ ನಡುಗಿದವನಿಗೆ ಸ್ವಂತ ಚಿತ್ತವಿತ್ತು. ಅದನ್ನು ಅವನು ಸ್ವತಂತ್ರನಾಗಿ ತಂದೆಗೆ ಒಪ್ಪಿಸಿದನು. ಸ್ವಂತ ಚಿತ್ತವಿಲ್ಲದ ವಸ್ತುವಿನಿಂದ ಈ ರಹಸ್ಯವನ್ನು ತೋರಿಸಹೊರಟರೆ ಮಾಧ್ಯಮವೇ ಸಂದೇಶವನ್ನು ಅಲ್ಲಗಳೆಯುತ್ತದೆ.

ಕನ್ನಡದ ಮಗುವಿಗೆ ಇದು ಇನ್ನೂ ಮುಖ್ಯ. ಮನುಷ್ಯರು ದೇವರು ಆಡಿಸಿದಂತೆ ಆಡುವವರೆಂಬ ಮಾತನ್ನು ಅದು ಮನೆಯಲ್ಲಿ, ಬೀದಿಯಲ್ಲಿ ಕೇಳಿ ಬೆಳೆದಿರುತ್ತದೆ. ಸೂತ್ರಧಾರನೆಂಬುದು ನಮ್ಮಲ್ಲಿ ದೇವರಿಗೂ ಸಲ್ಲುವ ಉಪಮೆ. ‘ಕೈಗೊಂಬೆ’ ಎಂಬ ಪದಕ್ಕಾದರೋ ಕನ್ನಡದಲ್ಲಿ ಇನ್ನೊಬ್ಬರ ಇಚ್ಛೆಗೆ ತನ್ನನ್ನು ಮಾರಿಕೊಂಡವನೆಂಬ ಅರ್ಥವೇ ರೂಢಿ. ಯೆರೆಮೀಯನ ಕುಂಬಾರನ ಉಪಮೆ (18ನೇ ಅಧ್ಯಾಯ) ಮೇಲುನೋಟಕ್ಕೆ ಇದನ್ನೇ ಹೇಳುವಂತಿದೆ. ಆದರೆ ಅಲ್ಲಿ ಜನಾಂಗವು ತಿರುಗಿಕೊಂಡರೆ ದೇವರೂ ತನ್ನ ನಿರ್ಣಯವನ್ನು ಬದಲಿಸುತ್ತಾನೆ. ಆ ಜೇಡಿಮಣ್ಣಿಗೆ ಉತ್ತರಿಸುವ ಶಕ್ತಿಯಿದೆ. ದೇವರು ತನ್ನ ಮಕ್ಕಳನ್ನು ಆಡಿಸುವುದಿಲ್ಲ, ಕರೆಯುತ್ತಾನೆ. ಗೊಂಬೆಯಾಟ ನಡೆಸುವವರು ಇದನ್ನು ಬಾಯಿಬಿಟ್ಟು ಹೇಳಬೇಕು: ಈ ಗೊಂಬೆಗೆ ‘ಒಲ್ಲೆ’ ಎನ್ನಲು ಬರುವುದಿಲ್ಲ, ನಿಮಗೆ ಬರುತ್ತದೆ, ಆದುದರಿಂದಲೇ ನಿಮ್ಮ ‘ಹೌದು’ ದೇವರಿಗೆ ಬೆಲೆಯುಳ್ಳದ್ದು.

ಪ್ರಾರ್ಥಿಸದ ಗೊಂಬೆ

ಈ ಸೇವೆಯಲ್ಲಿ ಪಳಗಿದವರ ನಡುವೆ ಒಂದು ನಿಯಮ ಪ್ರಚಲಿತವಾಗಿದೆ: ಗೊಂಬೆಯು ಪ್ರಾರ್ಥಿಸಬಾರದು, ತಾನು ರಕ್ಷಣೆ ಹೊಂದಿದೆನೆಂದು ಹೇಳಬಾರದು, ಅದಕ್ಕೆ ಆತ್ಮವಿಲ್ಲ. ಪುಸ್ತಕ ಓದಿ ಕಲಿತದ್ದಕ್ಕಿಂತ ಅನುಭವದಿಂದ ಬಂದ ಈ ನಿಯಮದಲ್ಲಿ ದೈವಶಾಸ್ತ್ರದ ಸೂಕ್ಷ್ಮ ಅರಿವಿದೆ. ಪ್ರಾರ್ಥನೆಯನ್ನು ಒಬ್ಬರ ಬದಲಿಗೆ ಇನ್ನೊಬ್ಬರು ಅಭಿನಯಿಸಲಾಗದು.

ಆದರೆ ನಿಯಮ ಅರ್ಧಕ್ಕೇ ನಿಂತಿದೆ. ಪ್ರಾರ್ಥಿಸಬಾರದ ಗೊಂಬೆಯು ಮುದ್ರಿತ ಧ್ವನಿಗೆ ಬಾಯಿ ಕೂಡಿಸಿ ಸ್ತುತಿಗೀತೆ ಹಾಡುತ್ತದೆ. ಸ್ತುತಿಯೂ ಪ್ರಾರ್ಥನೆಯಲ್ಲವೇ? ಇದರಲ್ಲಿ ಕಲೆಯ ತೊಡಕೂ ಇದೆ. ಕನ್ನಡದ ಮಾತುಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ. ಪದ ಮುಗಿದಾಗ ಬಾಯಿ ತೆರೆದೇ ಇರುತ್ತದೆ. ವ್ಯಂಜನದಲ್ಲಿ ಮುಗಿಯುವ ಪದಗಳು ತುಂಬಿದ ಇಂಗ್ಲಿಷ್ ಹಾಡಿಗೆ ಕೈ ಪಳಗಿಸಿಕೊಂಡವರು ಕನ್ನಡ ಸಾಲಿನ ಕೊನೆಯಲ್ಲಿ ಗೊಂಬೆಯ ಬಾಯನ್ನು ಬೇಗ ಮುಚ್ಚಿಬಿಡುತ್ತಾರೆ. ಸಾಲು ಕತ್ತರಿಸಿದಂತೆ ಕಾಣುತ್ತದೆ. ಇದಕ್ಕಿಂತ ಮಕ್ಕಳೇ ಹಾಡಲಿ, ಗೊಂಬೆ ಕೇಳಲಿ; ತಪ್ಪಿದಾಗ ನಗಲಿ, ಇನ್ನೊಮ್ಮೆ ಹಾಡಿರೆಂದು ಬೇಡಲಿ. ಆಗ ಸ್ತುತಿಯು ಅದಕ್ಕೆ ಹಕ್ಕುಳ್ಳ ಬಾಯಿಗಳಿಂದ ಹೊರಡುತ್ತದೆ.

ಆಟ ಮುಗಿದ ಕೂಡಲೆ ಕೈಯೆತ್ತಿಸಿ ತೀರ್ಮಾನ ಕೇಳುವ ಪದ್ಧತಿಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ನಗು, ಹಾಡು, ಬಣ್ಣಗಳಿಂದ ಉಬ್ಬಿದ ಮನಸ್ಸಿನ ಮಗು, ತಾನು ಇಷ್ಟಪಟ್ಟ ಗೊಂಬೆಯನ್ನು ಮೆಚ್ಚಿಸಲು ಕೈಯೆತ್ತುತ್ತದೆ. ಆ ಕೈಗಳನ್ನು ಎಣಿಸಿ ವರದಿಯಲ್ಲಿ ಬರೆಯುವುದು ಮಗುವಿಗೂ ಅನ್ಯಾಯ, ಸತ್ಯಕ್ಕೂ ಅನ್ಯಾಯ. ಮಕ್ಕಳನ್ನು ತನ್ನ ಬಳಿಗೆ ಬರಗೊಡಿರೆಂದ ಯೇಸು (ಮಾರ್ಕ 10:13–16) ಅವರಿಂದ ಯಾವ ತೀರ್ಮಾನವನ್ನೂ ಕೇಳಲಿಲ್ಲ. ಅಪ್ಪಿಕೊಂಡು, ಕೈಯಿಟ್ಟು ಆಶೀರ್ವದಿಸಿದನು.

ಗುಟ್ಟು ಕೇಳುವ ಗೊಂಬೆ

ಹಿರಿಯರಿಗೆ ಹೇಳದ್ದನ್ನು ಮಕ್ಕಳು ಕೆಲವೊಮ್ಮೆ ಗೊಂಬೆಗೆ ಹೇಳುತ್ತಾರೆ. ಮಕ್ಕಳ ಆಪ್ತಸಮಾಲೋಚನೆಯಲ್ಲಿ ಗೊಂಬೆಗಳ ಬಳಕೆ ಇರುವುದು ಈ ಕಾರಣದಿಂದಲೇ. ಸಭೆಯ ಗೊಂಬೆಯ ಮುಂದೆಯೂ ಒಂದು ದಿನ ಒಂದು ಮಗು ಬಂದು, ಮನೆಯಲ್ಲಿಯೋ ಶಾಲೆಯಲ್ಲಿಯೋ ಸಭೆಯಲ್ಲಿಯೇ ಆಗಲಿ ತನಗೆ ಆಗುತ್ತಿರುವುದನ್ನು ಪಿಸುಗುಟ್ಟಬಹುದು. ಆಗ ಪರದೆಯ ಹಿಂದಿನ ಹದಿನೆಂಟು ವರ್ಷದ ತರುಣಿ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಸಿದ್ಧವಿಲ್ಲದ ಸಭೆಯು ಗೊಂಬೆಯಾಟ ಆರಂಭಿಸಬಾರದು.

ನಮ್ಮ ದೇಶದಲ್ಲಿ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆದರೂ ಪೊಲೀಸರಿಗೆ ವರದಿ ಮಾಡಲೇಬೇಕು. ಮಾಡದಿದ್ದರೆ 21ನೇ ಸೆಕ್ಷನ್ ಪ್ರಕಾರ ಅದು ಶಿಕ್ಷಾರ್ಹ. ಸಭೆಯ ಗೌರವ, ಕುಟುಂಬದ ಮರ್ಯಾದೆ, ಒಳಗೊಳಗೇ ಸರಿಪಡಿಸೋಣವೆಂಬ ಸಲಹೆ ಇವು ಯಾವುವೂ ಈ ಹೊಣೆಯಿಂದ ಬಿಡುಗಡೆ ಕೊಡುವುದಿಲ್ಲ. ಮಕ್ಕಳ ಸಹಾಯವಾಣಿ 1098 ಪ್ರತಿ ತಂಡದವರಿಗೂ ಗೊತ್ತಿರಬೇಕು; ರಂಗದ ಬದಿಯಲ್ಲಿ ಮಕ್ಕಳಿಗೂ ಕಾಣುವಂತೆ ಬರೆದಿಡಬೇಕು. ಗೊಂಬೆಯು ಯಾವ ಮಗುವಿಗೂ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬಾರದು. ಗೊಂಬೆ ಹಿಡಿದವರು ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಮಗು ಹೇಳಿದ್ದನ್ನು ಮೇಲಿಂದ ಮೇಲೆ ಪ್ರಶ್ನಿಸಿ ವಿಚಾರಣೆ ಮಾಡಬಾರದು. ಅದು ತಿಳಿದವರ ಕೆಲಸ. ಮುಖ್ಯವಾಗಿ, ಮಗುವಿನ ಮಾತನ್ನು ನಂಬಬೇಕು.

ಇವು ಆಡಳಿತದ ನಿಯಮಗಳಷ್ಟೇ ಅಲ್ಲ. ಗೊಂಬೆಯು ಮಗುವಿಗೆ ಪ್ರಶ್ನೆ ಕೇಳಲು ಕಲಿಸಬೇಕೆಂಬ ನಮ್ಮ ವಾದ ನಿಜವಾದರೆ, ಕಲಿತ ಮಗು ಒಂದು ದಿನ ಕೇಳಿಯೇ ಕೇಳುತ್ತದೆ. ಪ್ರಶ್ನೆಯು ನಮ್ಮನ್ನೇ ಕುರಿತದ್ದಾಗಿರಬಹುದು. ಬಿಳಾಮನು ಕತ್ತೆಯ ಮಾತಿಗೆ ಉತ್ತರ ಕೊಡಬೇಕಾಯಿತು, ಸಭೆಯೂ ಕೊಡಬೇಕಾಗುತ್ತದೆ.

ನಮ್ಮ ನೆಲದ ಗೊಂಬೆಗಳಿಂದ ಕಲಿಯುವುದು

ಪರದೇಶದ ಅಚ್ಚನ್ನು ಬಿಟ್ಟು ಬೇರೆ ಮಾದರಿ ಹುಡುಕುವವರು ದೂರ ಹೋಗಬೇಕಾಗಿಲ್ಲ. ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ಸೂತ್ರದ ಗೊಂಬೆಯಾಟದ ಪರಂಪರೆಯಿದೆ. ಉತ್ತರ ಕರ್ನಾಟಕದಲ್ಲಿ ಶಿಳ್ಳೇಕ್ಯಾತ ಸಮುದಾಯದವರು ತಲೆಮಾರುಗಳಿಂದ ತೊಗಲುಗೊಂಬೆಯಾಟವನ್ನು ಉಳಿಸಿಕೊಂಡು ಬಂದಿದ್ದಾರೆ. ಕೊಪ್ಪಳ ಜಿಲ್ಲೆಯ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಗಳಿಂದ ಗಾಂಧೀಜಿಯವರ ಮತ್ತು ಸ್ವಾತಂತ್ರ್ಯ ಹೋರಾಟದ ಕಥೆ ಹೇಳಿ, ಈ ಕಲೆ ರಾಮಾಯಣ ಮಹಾಭಾರತಗಳಾಚೆಯೂ ಬೆಳೆಯಬಲ್ಲದೆಂದು ತೋರಿಸಿಕೊಟ್ಟರು.

ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯದ ಜೋಡಿಯಿದೆ. ಅರಸರ ಕಥೆಯ ನಡುವೆ ಅವರು ನುಗ್ಗುತ್ತಾರೆ, ಊರಿನ ಮಾತಿನಲ್ಲಿ ಕೊಂಕು ನುಡಿಯುತ್ತಾರೆ, ದೊಡ್ಡವರ ದೊಡ್ಡಸ್ತಿಕೆಯನ್ನು ಇಳಿಸುತ್ತಾರೆ. ಅವರ ಒರಟುತನವನ್ನೆಲ್ಲ ಚರ್ಚಿನ ರಂಗಕ್ಕೆ ತರಬೇಕಾಗಿಲ್ಲ. ಅವರಿಗಿರುವ ಸ್ಥಾನವನ್ನು ತರಬಹುದು. ದಾವೀದನ ಕಥೆ ನಡೆಯುವಾಗ ಊರೀಯನ ಪರವಾಗಿ ಕೇಳುವ ಗೊಂಬೆ. ಕಿರಿಯ ಮಗನ ಔತಣದ ಹೊತ್ತಿನಲ್ಲಿ ಹೊಲದಲ್ಲಿ ದುಡಿದು ಬಂದ ಆಳಿನ ದನಿಯಲ್ಲಿ ಮಾತಾಡುವ ಗೊಂಬೆ. ಐದು ರೊಟ್ಟಿ ಕೊಟ್ಟ ಹುಡುಗನಿಗೆ ಊಟ ಸಿಕ್ಕಿತೇ ಎಂದು ಶಿಷ್ಯರನ್ನು ವಿಚಾರಿಸುವ ಗೊಂಬೆ: ಇವು ಕಥೆಯನ್ನು ಕೆಡಿಸುವುದಿಲ್ಲ, ಮಗುವನ್ನು ಕಥೆಯೊಳಗೆ ಕರೆದುಕೊಂಡು ಹೋಗುತ್ತವೆ. ಈ ಕಲೆಯನ್ನು ಎರವಲು ಪಡೆಯುವಾಗ ಕಲಾವಿದರನ್ನೇ ಕರೆಸಿ, ಗೌರವಧನ ಕೊಟ್ಟು ಕಲಿಯುವುದು ನ್ಯಾಯ. ಹೆಸರು ಹೇಳದೆ ಬಳಸಿಕೊಳ್ಳುವುದು ಸಾಕ್ಷಿಯಾಗದು.

ಇನ್ನೊಂದು ಹೆಜ್ಜೆಯೂ ಅಗತ್ಯ. ಗೊಂಬೆ ಎಂದಿಗೂ ಹಿರಿಯರ ಕೈಯಲ್ಲಿಯೇ ಇರಬಾರದು. ಹಳೆಯ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದರೆ ಗೊಂಬೆ ಸಿದ್ಧ. ಮಕ್ಕಳೇ ಅದನ್ನು ಮಾಡಲಿ, ಮಕ್ಕಳೇ ಆಡಿಸಲಿ. ಬಿಳಾಮನ ಕಥೆಯನ್ನು ಕತ್ತೆಯ ಬಾಯಿಂದ ಹೇಳಲಿ. ಅವರ ಕತ್ತೆ ಏನು ಕೇಳುತ್ತದೆಂಬುದನ್ನು ಶಿಕ್ಷಕರು ಕುಳಿತು ಆಲಿಸಲಿ. ಆ ವರ್ಷದ ಪಾಠಕ್ರಮಕ್ಕೆ ಅದಕ್ಕಿಂತ ಉತ್ತಮವಾದ ಆಧಾರ ದೊರೆಯದು.

ಸಭಾಪಾಲಕರೂ ಸಭಾಸಮಿತಿಗಳೂ ಗೊಂಬೆಯಾಟದ ಪಠ್ಯಗಳನ್ನು ಪ್ರಸಂಗದಷ್ಟೇ ಗಮನದಿಂದ ಓದಿ ಒಪ್ಪಿಗೆ ಕೊಡಬೇಕು. ಮಕ್ಕಳ ರಕ್ಷಣೆಯ ನಿಯಮಗಳನ್ನು ಬರಹದಲ್ಲಿ ಇಡಬೇಕು. ನಮ್ಮ ದೈವಶಾಸ್ತ್ರ ಕಾಲೇಜುಗಳ ಕ್ರೈಸ್ತಶಿಕ್ಷಣ ವಿಭಾಗಗಳು ಕನ್ನಡದಲ್ಲಿಯೇ ಹೊಸ ಪಠ್ಯಗಳನ್ನು ರಚಿಸುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಅನುವಾದಿಸಿದ ನಾಲ್ಕು ಪುಟಗಳನ್ನು ರಜಾಶಾಲೆಯ ಹಿಂದಿನ ದಿನ ತರುಣರ ಕೈಗಿತ್ತು, ಬಳಿಕ ಅವರ ಉತ್ಸಾಹವನ್ನು ಹೊಗಳಿ ಸುಮ್ಮನಾಗುವುದು ಅವರಿಗೂ ಮಕ್ಕಳಿಗೂ ನಾವು ಮಾಡುತ್ತಿರುವ ಅನ್ಯಾಯ.